ತುಟಿಯ ಮೇಲಿನ ಕೆಂಪು ಉಂಗುರ

2022ರ ಗಣೇಶ ವಿಸರ್ಜನೆಯ ರಾತ್ರಿ ಕಾರವಾರದ ಕೋಡಿಬಾಗ ರಸ್ತೆಯಲ್ಲಿ ಮೆರವಣಿಗೆಯ ಮುಂದೆ ಟ್ರಂಪೆಟ್ ಊದುತ್ತ ನಡೆಯುತ್ತಿದ್ದೆ. ಕೊರೊನಾದ ಎರಡು ವರ್ಷ ಮೆರವಣಿಗೆಯೇ ಇಲ್ಲದೆ ಮನೆಯಲ್ಲಿ ಕುಳಿತಿದ್ದ ನಮಗೆ ಆ ವರ್ಷ ಬಿಡುವಿಲ್ಲದಷ್ಟು ಕೆಲಸವಿತ್ತು. ಆ ದಿನಕ್ಕೆ ಅದು ಮೂರನೆಯ ಗಣಪತಿ. ಪಟಾಕಿಯ ಸರ ಸಿಡಿದಾಗ ಎದುರಿಗೆ ಕುಣಿಯುತ್ತಿದ್ದ ಹುಡುಗರ ಗುಂಪು ಒಮ್ಮೆಲೇ ಹಿಂದಕ್ಕೆ ಸರಿಯಿತು, ಯಾರದೋ ಬೆನ್ನು ನನ್ನ ವಾದ್ಯದ ಬಾಯಿಗೆ ಬಡಿಯಿತು, ಆ ಪೆಟ್ಟು ಮೌತ್‌ಪೀಸಿನ ಮೂಲಕ ನೇರವಾಗಿ ಹಲ್ಲಿಗೆ ಬಂತು. ಬಡಿದ ಹುಡುಗನಿಗೆ ಅದು ಗೊತ್ತೂ ಆಗಲಿಲ್ಲ, ಅವನ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ. ಮೇಲಿನ ಸಾಲಿನ ನಡುವಿನ ಎರಡು ಹಲ್ಲುಗಳಲ್ಲಿ ಎಡಗಡೆಯದು ಬುಡದ ಹತ್ತಿರವೇ ಮುರಿದಿತ್ತು. ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡೆ. ಟ್ರಂಪೆಟನ್ನು ಬಗಲಿಗೇರಿಸಿ, ತಾಳ ಹೊಡೆಯುತ್ತಿದ್ದ ಹುಡುಗನಿಂದ ತಾಳಗಳನ್ನು ಪಡೆದು ಉಳಿದ ದಾರಿಯನ್ನು ಮುಗಿಸಿದೆ.

ಟ್ರಂಪೆಟ್ ಊದುವವನಿಗೆ ಆ ಒಂದು ಹಲ್ಲು ಏನೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸುಮಾರು ಒಂದೂವರೆ ಮೀಟರ್ ಉದ್ದದ ಹಿತ್ತಾಳೆಯ ಕೊಳವೆಯನ್ನು ಮಡಿಸಿ ಸುತ್ತಿದರೆ ಟ್ರಂಪೆಟ್ ಆಗುತ್ತದೆ. ಅದರ ಒಂದು ತುದಿಯಲ್ಲಿ ಮೌತ್‌ಪೀಸ್. ಒಳಗಿನ ಅಗಲ 16–17 ಮಿಲಿಮೀಟರ್ ಇರುವ ಸಣ್ಣ ಬಟ್ಟಲು. ಸ್ವರ ಹುಟ್ಟುವುದು ಕೊಳವೆಯಲ್ಲಲ್ಲ, ಆ ಬಟ್ಟಲಿಗೆ ತಾಗಿದ ತುಟಿಯಲ್ಲಿ. ವಾದ್ಯಗಳನ್ನು ಶ್ರುತಿಗೂಡಿಸಲು ಎಲ್ಲರೂ ಹಿಡಿಯುವ 440ರ ಸ್ವರವನ್ನು ಊದಿದರೆ ತುಟಿ ಸೆಕೆಂಡಿಗೆ 440 ಬಾರಿ ಕಂಪಿಸುತ್ತದೆ. ವಾಲ್ವುಗಳು ಮೂರೇ: ಎರಡನೆಯದು ಅರ್ಧ ಸ್ವರದಷ್ಟು ಇಳಿಸುತ್ತದೆ, ಮೊದಲನೆಯದು ಒಂದು ಪೂರ್ಣ ಸ್ವರ, ಮೂರನೆಯದು ಒಂದೂವರೆ. ಯಾವುದನ್ನೂ ಒತ್ತದಿದ್ದಾಗ ಷಡ್ಜ, ಪಂಚಮ, ತಾರ ಷಡ್ಜ, ಅದರ ಮೇಲಿನ ಗಾಂಧಾರ, ಮತ್ತೆ ಪಂಚಮ ಇವಿಷ್ಟನ್ನೂ ತುಟಿಯ ಬಿಗಿತ ಮತ್ತು ಉಸಿರಿನಿಂದಲೇ ತೆಗೆಯಬೇಕು. ತುಟಿ ಹೀಗೆ ಕೆಲಸ ಮಾಡುವಾಗ ಹಿಂದಿನಿಂದ ಅದಕ್ಕೆ ಆಸರೆಯಾಗಿ ನಿಲ್ಲುವವು ಮೇಲಿನ ಎರಡು ಮುಂದಿನ ಹಲ್ಲುಗಳು. ಮರುದಿನ ಬೆಳಗ್ಗೆ ಊದಿ ನೋಡಿದೆ. ತುಟಿ ಖಾಲಿ ಜಾಗದೊಳಕ್ಕೆ ಕುಸಿಯಿತು, ಗಾಳಿಯ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ಆಗ ನನಗೆ 52 ವರ್ಷ. ಅದರಲ್ಲಿ 38 ವರ್ಷವನ್ನು ಬ್ಯಾಂಡಿನಲ್ಲಿ ಕಳೆದಿದ್ದೆ.

ನಾನು ಬ್ಯಾಂಡಿಗೆ ಸೇರಿದ್ದು 1984ರಲ್ಲಿ, ಊದುವುದಕ್ಕಾಗಿ ಅಲ್ಲ, ಗ್ಯಾಸ್‌ಲೈಟ್ ಹೊರುವುದಕ್ಕಾಗಿ. ಅಪ್ಪ ಬೈತಖೋಲದಲ್ಲಿ ದಡದಿಂದ ಮೀನಿನ ರಂಪಣಿ ಬಲೆ ಎಳೆಯುವವರ ಜೊತೆಗಿದ್ದವರು; ಯಂತ್ರದ ಪರ್ಸೀನ್ ಬೋಟುಗಳು ಬಂದು ರಂಪಣಿಯ ಕೆಲಸ ಕಡಿಮೆಯಾದ ಮೇಲೆ ಮನೆಯಲ್ಲಿ ಎಲ್ಲರೂ ಏನಾದರೊಂದು ದುಡಿಯಲೇಬೇಕಿತ್ತು. ರಾತ್ರಿಯ ಮದುವೆ ಮೆರವಣಿಗೆಗಳಲ್ಲಿ ತಲೆಯ ಮೇಲೆ ಸಿಂಬೆಯಿಟ್ಟು, ಅದರ ಮೇಲೆ ಸುಯ್ಯೆನ್ನುವ ಗ್ಯಾಸ್‌ಲೈಟ್ ಹೊತ್ತು ಬ್ಯಾಂಡಿನ ಎರಡೂ ಬದಿಗೆ ನಡೆಯುವ ಹುಡುಗರಲ್ಲಿ ನಾನೂ ಒಬ್ಬ. ಒಂದು ರಾತ್ರಿಗೆ 5 ರೂಪಾಯಿ ಮತ್ತು ಊಟ. ಬೆಳಕು ಹೊತ್ತವನಿಗೆ ವಾದ್ಯದವರ ಬೆರಳು ಚೆನ್ನಾಗಿ ಕಾಣುತ್ತದೆ. ಎರಡು ವರ್ಷ ಟ್ರಂಪೆಟ್ಟಿನವರ ಬಲಗೈಯನ್ನೇ ನೋಡುತ್ತ ನಡೆದೆ.

ನಮ್ಮ ಮಾಸ್ತರರು ಗೋವೆಯ ಕಾಣಕೋಣದ ಕಡೆಯವರು. ಗೋವೆಯಲ್ಲಿ ಹದಿನಾರನೆಯ ಶತಮಾನದಿಂದ ಚರ್ಚುಗಳ ಶಾಲೆಗಳಲ್ಲಿ ಮಕ್ಕಳಿಗೆ ಸಂಗೀತ ಕಲಿಸುತ್ತ ಬಂದಿದ್ದಾರೆ. ಅಂಥ ಶಾಲೆಯೊಂದರಲ್ಲಿ ದೊ-ರೆ-ಮಿ ಎಂದು ಸ್ವರಗಳನ್ನು ಓದಿ ಹಾಡುವ ಸೊಲ್ಫೆಜಿಯೊ ಕಲಿತು ಬಂದವರು ಅವರು. ನನ್ನನ್ನು ಶಿಷ್ಯನೆಂದು ಒಪ್ಪಿಕೊಂಡ ಮೇಲೂ ಆರು ತಿಂಗಳು ವಾದ್ಯ ಮುಟ್ಟಗೊಡಲಿಲ್ಲ. ತೊಡೆಯ ಮೇಲೆ ಕೈತಾಳ ಹಾಕುತ್ತ ಗೆರೆಗಳ ಮೇಲಿನ ಸ್ವರಗಳನ್ನು ಹಾಡಬೇಕು. ಆಮೇಲೆ ಒಂದು ತಿಂಗಳು ಬರೀ ಮೌತ್‌ಪೀಸ್. ಕೊನೆಗೆ ಟ್ರಂಪೆಟ್ ಕೈಗೆ ಬಂದ ದಿನ, ಹತ್ತು ನಿಮಿಷ ಊದಿಸಿ, ನಿಲ್ಲಿಸಲು ಹೇಳಿ, ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿ ತುಟಿ ನೋಡಿದರು. ತುಟಿಯ ಮೇಲೆ ಮೌತ್‌ಪೀಸಿನ ಅಂಚು ಒತ್ತಿ ಕೆಂಪಗೆ ಒಂದು ಉಂಗುರ ಮೂಡಿತ್ತು. “ಗಾಳಿ ಕೊಡು ಪುತಾ, ಒತ್ತಬೇಡ,” ಎಂದರು. ಕೊಂಕಣಿಯಲ್ಲಿ ಮಗನನ್ನು ಪ್ರೀತಿಯಿಂದ ಕರೆಯುವ ಮಾತು ಅದು. ಅವರು ಇರುವಷ್ಟು ಕಾಲ, ಯಾವ ಕಾರ್ಯಕ್ರಮ ಮುಗಿದರೂ, ಮೊದಲು ನನ್ನ ಸ್ವರದ ಬಗ್ಗೆ ಹೇಳುತ್ತಿರಲಿಲ್ಲ, ಉಂಗುರ ನೋಡುತ್ತಿದ್ದರು.

ಆ ಮಾತನ್ನು ನಾನು ಪಾಲಿಸಲಿಲ್ಲ. ರಸ್ತೆ ಪಾಲಿಸಗೊಡಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಹಿಂದೆ ದೊಡ್ಡ ಡ್ರಮ್ಮು, ಪಕ್ಕದಲ್ಲಿ ಎರಡು ಸೈಡ್ ಡ್ರಮ್ಮು, ಸುತ್ತ ವಾಹನಗಳ ಹಾರ್ನು, ಆಮೇಲಿನ ವರ್ಷಗಳಲ್ಲಿ ಜನರೇಟರಿನ ಗಾಡಿ. ಇವೆಲ್ಲವನ್ನೂ ಮೀರಿ ಮೇಲಿನ ಸ್ವರ ಕೇಳಿಸಬೇಕು. ತುಟಿಯ ಸ್ನಾಯು ದಣಿದಾಗ ಮೌತ್‌ಪೀಸನ್ನು ಹಲ್ಲಿಗೆ ಒತ್ತಿ ಹಿಡಿದರೆ ಮೇಲಿನ ಸ್ವರ ಬೇಗ ಸಿಗುತ್ತದೆ. ಆದರೆ ಹಾಗೆ ಒತ್ತಿದಾಗ ತುಟಿಗೆ ರಕ್ತ ಹರಿಯುವುದು ತಡೆಯುತ್ತದೆ, ತುಟಿ ಮತ್ತಷ್ಟು ದಣಿಯುತ್ತದೆ, ಮತ್ತಷ್ಟು ಒತ್ತಬೇಕಾಗುತ್ತದೆ. ಬೈಂದೂರಿನಿಂದ ಮಾಜಾಳಿಯವರೆಗೆ ಮದುವೆ, ಜಾತ್ರೆ, ಚರ್ಚಿನ ಫೆಸ್ತು, ಶಾಲೆಯ ಬೆಳ್ಳಿಹಬ್ಬ ಎಂದು ಊದುತ್ತ ಹೋದ ಆ ವರ್ಷಗಳಲ್ಲಿ ನನ್ನ ಮುಂದಿನ ಹಲ್ಲುಗಳು ನಿಧಾನವಾಗಿ ಸಡಿಲವಾಗುತ್ತಿದ್ದವು, ಒಸಡು ಮೇಲೆ ಸರಿಯುತ್ತಿತ್ತು. ಕೋಡಿಬಾಗದ ಪೆಟ್ಟು ಮುರಿದದ್ದು ಅಷ್ಟು ಹೊತ್ತಿಗಾಗಲೇ ಅರ್ಧ ಬಿದ್ದಿದ್ದ ಹಲ್ಲನ್ನು.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಅದರಿಂದಾಗಿ ಕಾರವಾರದ ಬ್ಯಾಂಡಿನವನ ಕೈಬರಹದ ಪುಸ್ತಕದಲ್ಲಿ ಮರಾಠಿ ನಾಟ್ಯಗೀತೆ, ಹಿಂದಿ ಮತ್ತು ಕನ್ನಡ ಸಿನಿಮಾ ಹಾಡು, ಕೊಂಕಣಿ ಭಕ್ತಿಗೀತೆ, ಬ್ರಿಟಿಷರ ಕಾಲದ ಮಾರ್ಚು ಎಲ್ಲವೂ ಒಂದರ ಹಿಂದೆ ಒಂದು ಇರುತ್ತವೆ. ಒಂದೇ ದಿನದಲ್ಲಿ ಬೆಳಗ್ಗೆ ಚರ್ಚಿನ ಅಂಗಳದಲ್ಲೂ ಸಂಜೆ ದೇವಸ್ಥಾನದ ಪಲ್ಲಕ್ಕಿಯ ಮುಂದೆಯೂ ಅವನು ನಿಲ್ಲಬೇಕು. ಇಷ್ಟನ್ನೆಲ್ಲ ಕಲಿತವನನ್ನು ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕೂರಿಸುತ್ತಾರೆ, ‘ಬ್ಯಾಂಡಿನವರು’ ಎಂಬುದರ ಆಚೆಗೆ ಯಾರೂ ಹೆಸರು ಕೇಳುವುದಿಲ್ಲ. ಇದು ನನಗೆ ಈಗಲೂ ನೋವಿನ ವಿಷಯ.

ದಂತವೈದ್ಯರು ಮುರಿದ ಹಲ್ಲಿನ ಬೇರನ್ನು ತೆಗೆದು ಮೂರು ದಾರಿ ಮುಂದಿಟ್ಟರು. ಮೊದಲನೆಯದು, ತೆಗೆದು ಹಾಕುವ ಪ್ಲೇಟಿನ ಹಲ್ಲು: ಕಡಿಮೆ ಖರ್ಚು, ಆದರೆ ಮೌತ್‌ಪೀಸ್ ತಾಗಿದೊಡನೆ ಅಲುಗಾಡುತ್ತದೆ. ಎರಡನೆಯದು ಬ್ರಿಜ್: ಪಕ್ಕದ ಎರಡು ಹಲ್ಲುಗಳನ್ನು ಸವೆಸಿ ಅವುಗಳ ಮೇಲೆ ಸೇತುವೆಯಂತೆ ಕೂರಿಸುವುದು. ಉಳಿದ ಗಟ್ಟಿ ಹಲ್ಲುಗಳನ್ನೂ ಸವೆಸಲು ನನಗೆ ಮನಸ್ಸಾಗಲಿಲ್ಲ. ಮೂರನೆಯದು ಇಂಪ್ಲಾಂಟ್: ದವಡೆಯ ಮೂಳೆಯೊಳಗೆ ಟೈಟಾನಿಯಂ ತಿರುಪನ್ನು ಕೂರಿಸಿ, ಮೂಳೆ ಅದಕ್ಕೆ ಬೆಸೆದುಕೊಳ್ಳುವವರೆಗೆ ತಿಂಗಳುಗಟ್ಟಲೆ ಕಾದು, ಆಮೇಲೆ ಅದರ ಮೇಲೆ ಹಲ್ಲು ಹಾಕುವುದು. ಬ್ಯಾಂಡಿನ ಗೆಳೆಯರು ನಾಲ್ಕನೆಯ ದಾರಿಯನ್ನೂ ಹೇಳಿದರು: ಟ್ರಂಪೆಟ್ ಬಿಟ್ಟು ಸ್ಯಾಕ್ಸೊಫೋನ್ ಹಿಡಿ, ಈಗ ಎಲ್ಲ ಕಡೆ ಅದನ್ನೇ ಕೇಳುತ್ತಾರೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿ ಮನಸೋತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕದ್ರಿ ಗೋಪಾಲನಾಥರ ವಾದನವನ್ನು ಕೇಳಿದ ಮೇಲೆ ಕರಾವಳಿಯಲ್ಲಿ ಯಾರಿಗೆ ತಾನೇ ಆ ಆಸೆ ಬರುವುದಿಲ್ಲ! ಬ್ಯಾಂಡಿನ ವಾದ್ಯವೊಂದು ದೇವಸ್ಥಾನದ ಒಳಾಂಗಣಕ್ಕೆ ಗೌರವದಿಂದ ಹೋದದ್ದು ಅವರಿಂದ. ಆದರೆ ಸ್ಯಾಕ್ಸೊಫೋನಿನಲ್ಲಿ ಮೇಲಿನ ಹಲ್ಲುಗಳು ಮೌತ್‌ಪೀಸಿನ ಮೇಲೆಯೇ ಕೂರಬೇಕು. ಅಲ್ಲಿಯೂ ಬೇಕಾದದ್ದು ನನ್ನ ಬಾಯಲ್ಲಿ ಇಲ್ಲದ ಅದೇ ಹಲ್ಲು.

ಇಂಪ್ಲಾಂಟಿಗೆ ಒಟ್ಟು 32,000 ರೂಪಾಯಿ ಆಗುತ್ತದೆಂದರು. ಹೆಂಡತಿ ತನ್ನ ಸ್ವಸಹಾಯ ಸಂಘದಿಂದ ಸಾಲ ತೆಗೆದಳು. ಹಲ್ಲು ತೋರಿಸಿ ನಗುವುದಕ್ಕಾಗಿ ಇಷ್ಟು ದುಡ್ಡೇ ಎಂದು ನೆರೆಯವರು ಕೇಳಿದಾಗ, “ನಗುವುದಕ್ಕಲ್ಲ, ಅವರ ಕೆಲಸದ ಹತ್ಯಾರು ಅದು,” ಎಂದು ಉತ್ತರ ಕೊಟ್ಟವಳು ಅವಳೇ. ಒಸಡು ಮತ್ತು ಮೂಳೆ ಮಾಗಲು ಬಿಟ್ಟು ಡಿಸೆಂಬರಿನಲ್ಲಿ ತಿರುಪು ಕೂರಿಸಿದರು. ಮುಂದಿನ ಐದು ತಿಂಗಳು ಮೌತ್‌ಪೀಸ್ ಬಾಯಿಗೆ ತಾಗಿಸಲೇಬಾರದು ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು; ಬೆಸೆಯುತ್ತಿರುವ ಮೂಳೆಗೆ ಅಲುಗಾಟ ಆಗಬಾರದು.

ಅದು ಮದುವೆಯ ಕಾಲ. ಬ್ಯಾಂಡಿನ ಜೊತೆ ಹೋಗಿ ಸೈಡ್ ಡ್ರಮ್ ಬಾರಿಸುತ್ತಿದ್ದೆ, ಟ್ರಂಪೆಟ್ಟಿನ ಮೊದಲ ಸ್ಥಾನವನ್ನು ಹುಡುಗನೊಬ್ಬ ತುಂಬಿದ್ದ. ಊದಲಾಗದಿದ್ದರೂ ಉಸಿರನ್ನು ಉಳಿಸಿಕೊಳ್ಳಬೇಕಿತ್ತು. ಅದಕ್ಕಾಗಿ ಪ್ರತಿದಿನ ಬೆಳಗ್ಗೆ ಕೋಡಿಬಾಗದಿಂದ ಸದಾಶಿವಗಡಕ್ಕೆ ಕಾಳಿ ನದಿಯ ಹಳೆಯ ಸೇತುವೆಯ ಮೇಲೆ ನಡೆಯುತ್ತಿದ್ದೆ: ನಾಲ್ಕು ಹೆಜ್ಜೆಗೆ ಉಸಿರು ಒಳಕ್ಕೆ, ಎಂಟು ಹೆಜ್ಜೆಗೆ ಹೊರಕ್ಕೆ. ಒಂದು ತಿಂಗಳ ಮೇಲೆ ಹನ್ನೆರಡು ಹೆಜ್ಜೆಗೆ, ಮಾರ್ಚಿನ ಹೊತ್ತಿಗೆ ಹದಿನಾರಕ್ಕೆ. ಹೆಗಲು ಎತ್ತಬಾರದು, ಹೊಟ್ಟೆಯ ಸುತ್ತಲೂ ಗಾಳಿ ತುಂಬಬೇಕು. ಆ ಸೇತುವೆ 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕುಸಿದು ನದಿಗೆ ಬಿತ್ತು. ಅದರ ಮೇಲೆ ನನ್ನ ಉಸಿರಿನ ಲೆಕ್ಕವೆಲ್ಲ ಇದೆ ಎಂಬಂತೆ ಆ ಬೆಳಗ್ಗೆ ದಂಡೆಯ ಮೇಲೆ ಬಹಳ ಹೊತ್ತು ನಿಂತಿದ್ದೆ.

ಮನೆಯಲ್ಲಿ ಟ್ರಂಪೆಟ್ ಗೂಡಿನಲ್ಲಿತ್ತು. ಉತ್ತರ ಪ್ರದೇಶದ ಮೀರತ್ತಿನ ಜಾಲಿ ಕೋಠಿಯಲ್ಲಿ ಮಾಡಿದ್ದು. ದೇಶದ ಬ್ಯಾಂಡುಗಳಿಗೆ ವಾದ್ಯ ಒದಗಿಸುವ ಕಾರಖಾನೆಗಳ ಬೀದಿ ಅದು. ಸಮುದ್ರದ ಉಪ್ಪುಗಾಳಿಗೆ ಹಿತ್ತಾಳೆ ಬೇಗ ಕಿಲುಬು ಹಿಡಿಯುತ್ತದೆ, ಊದದೆ ಬಿಟ್ಟರೆ ವಾಲ್ವು ಅಂಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಬಿಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ವಾಲ್ವಿಗೆ ಎಣ್ಣೆ ಬಿಟ್ಟು, ಮೌತ್‌ಪೀಸ್ ಇಲ್ಲದೆಯೇ ಬೆರಳುಗಳಿಂದ ಹಾಡುಗಳನ್ನು ಒತ್ತಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

2023ರ ಮೇ ತಿಂಗಳಲ್ಲಿ ಹಲ್ಲು ಸಿದ್ಧವಾಗಿ ಬಂತು. ನೋಡಲು ನನ್ನ ಹಳೆಯ ಹಲ್ಲಿಗಿಂತ ಚೆಂದವಾಗಿತ್ತು, ಸಾಲಿಗೆ ನೇರವಾಗಿ ಕೂತಿತ್ತು. ವೈದ್ಯರ ಕುರ್ಚಿಯಲ್ಲೇ ಮೌತ್‌ಪೀಸ್ ತೆಗೆದು ಮೆಲ್ಲಗೆ ತಾಗಿಸಿ ಗಾಳಿ ಕೊಟ್ಟೆ. ಗಾಳಿ ಎಡಗಡೆಗೆ ಸೋರಿತು, ತುಟಿಗೆ ತಾನೆಲ್ಲಿ ನಿಲ್ಲಬೇಕೆಂದೇ ತಿಳಿಯಲಿಲ್ಲ. ಕರವಸ್ತ್ರದಲ್ಲಿ ಕಟ್ಟಿಟ್ಟಿದ್ದ ಹಳೆಯ ತುಂಡು ಕೆಲಸಕ್ಕೆ ಬಂದದ್ದು ಆಗ. ಹಳೆಯ ಹಲ್ಲು ಕೆಳಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಹೊರಕ್ಕೆ ವಾಲಿತ್ತು, ಒಂದು ಮೂಲೆ ಸವೆದಿತ್ತು. ವೈದ್ಯರು ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿ, ಬೇಸರಿಸದೆ, ಹೊಸ ಹಲ್ಲನ್ನು ಮತ್ತೆ ಅಚ್ಚಿಗೆ ಕಳಿಸಿದರು. ಎರಡನೆಯದೂ ಸ್ವಲ್ಪ ದಪ್ಪವಾಗಿತ್ತು. ಅದನ್ನು ಕುರ್ಚಿಯಲ್ಲೇ ಮೂರು ಸಲ ಉಜ್ಜಿದರು, ಪ್ರತಿ ಸಲವೂ ನಾನು ಮೌತ್‌ಪೀಸಿನಲ್ಲಿ ಗುಂಯ್ ಎನ್ನಿಸಿ ನೋಡಿದೆ. ಮೂರನೆಯ ಸಲ ತುಟಿ ತನ್ನ ಜಾಗವನ್ನು ಗುರುತು ಹಿಡಿಯಿತು. ಗಾಳಿವಾದ್ಯದ ಹುಡುಗರಿಗೆಲ್ಲ ಈಗ ಒಂದು ಮಾತು ಹೇಳುತ್ತೇನೆ: ಹಲ್ಲು ಗಟ್ಟಿಯಾಗಿರುವಾಗಲೇ ಅದರ ಅಚ್ಚು ತೆಗೆಸಿ ಇಟ್ಟುಕೊಳ್ಳಿ. ನನ್ನಂತೆ ತುಂಡು ಉಳಿಯುವ ಅದೃಷ್ಟ ಎಲ್ಲರಿಗೂ ಇರುವುದಿಲ್ಲ.

ಮಳೆಗಾಲದ ಮೂರು ತಿಂಗಳು ಕಲಿಕೆಗೆ ಸಿಕ್ಕವು. ಆಷಾಢದಲ್ಲಿ ಮದುವೆಯಿಲ್ಲ, ರಸ್ತೆಯಲ್ಲಿ ಬ್ಯಾಂಡಿಲ್ಲ. ಮೊದಲ ಎರಡು ವಾರ ಬರೀ ಮೌತ್‌ಪೀಸ್, ದಿನಕ್ಕೆ ಐದೈದು ನಿಮಿಷ ನಾಲ್ಕು ಸಲ. ಎಷ್ಟು ಹೊತ್ತು ಊದಿದೆನೋ ಅಷ್ಟೇ ಹೊತ್ತು ವಿಶ್ರಾಂತಿ. 38 ವರ್ಷ ಬ್ಯಾಂಡಿನಲ್ಲಿ ಕಳೆದವನು ಹದಿನಾರು ವರ್ಷದ ಹುಡುಗನ ಪಾಠಕ್ಕೆ ಕುಳಿತಿದ್ದೆ. ಮೂರನೆಯ ವಾರ ಟ್ರಂಪೆಟ್ ಎತ್ತಿಕೊಂಡೆ. ಹಳೆಯ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಪಂಚಮದಿಂದ ತಾರ ಷಡ್ಜಕ್ಕೆ ಏರಬೇಕಾದಾಗಲೆಲ್ಲ ಎಡಗೈ ತಾನಾಗಿ ವಾದ್ಯವನ್ನು ಮುಖದ ಕಡೆಗೆ ಎಳೆಯುತ್ತಿತ್ತು. ನೋವು ಹೊಸ ಹಲ್ಲಿನಲ್ಲಿ ಇರಲಿಲ್ಲ, ಅದರ ಸುತ್ತಲಿನ ಒಸಡಿನಲ್ಲಿ ಚುಚ್ಚುತ್ತಿತ್ತು. ಆ ಚುಚ್ಚುವಿಕೆ ನನಗೆ ಮಾಸ್ತರರಿಗಿಂತ ಕಠಿಣವಾದ ಪಾಠ ಹೇಳಿತು, ಏಕೆಂದರೆ ಒತ್ತಿದ ಕ್ಷಣವೇ ಅದು ಗೊತ್ತಾಗುತ್ತಿತ್ತು.

ಎಡಗೈಯ ಚಟ ಬಿಡಿಸಲು ಮಾಸ್ತರರು ಹಿಂದೆ ತೋರಿಸಿದ್ದ ಉಪಾಯವನ್ನು ಹಿಡಿದೆ. ಟ್ರಂಪೆಟನ್ನು ಬಿಚ್ಚಿದ ಅಂಗೈಯ ಮೇಲೆ ಸುಮ್ಮನೆ ಮಲಗಿಸಬೇಕು, ಬೆರಳು ಮಡಚಿ ಹಿಡಿಯಬಾರದು. ಹಾಗೆಯೇ ಅದನ್ನು ತುಟಿಗೆ ತಾಗಿಸಿ ಮಧ್ಯದ ಪಂಚಮ ಊದಬೇಕು. ಒತ್ತಲು ಹೋದರೆ ವಾದ್ಯ ಅಂಗೈಯಿಂದ ಜಾರುತ್ತದೆ. ಮೊದಲ ದಿನ ಸ್ವರವೇ ಹುಟ್ಟಲಿಲ್ಲ. ಐದನೆಯ ದಿನ ಬಂದ ಸ್ವರ ಎಷ್ಟು ಸಣ್ಣದಾಗಿತ್ತೆಂದರೆ ಹೊರಗೆ ಮಂಗಳೂರು ಹಂಚಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದಿನಲ್ಲಿ ನನಗೇ ಸರಿಯಾಗಿ ಕೇಳಲಿಲ್ಲ. ಆದರೆ ಅದು ನಡುಗುತ್ತಿರಲಿಲ್ಲ. ಅದನ್ನೇ ಹಿಡಿದುಕೊಂಡು ಹದಿನಾರು ಎಣಿಸುವವರೆಗೆ ಉದ್ದಕ್ಕೆ ಊದುವುದು, ಮೆಲ್ಲಗೆ ಶುರುಮಾಡಿ ತುಸು ತುಂಬಿಸಿ ಮತ್ತೆ ಮೆಲ್ಲಗಾಗಿಸುವುದು, ಆಮೇಲೆ ವಾಲ್ವ್ ಮುಟ್ಟದೆ ಷಡ್ಜ-ಪಂಚಮ-ಷಡ್ಜ ಎಂದು ತುಟಿಯಿಂದಲೇ ಜಾರುವುದು. ಹಾಡು ಊದಲು ಮನಸ್ಸು ಹಾತೊರೆಯುತ್ತಿತ್ತು, ಆದರೂ ಆಗಸ್ಟಿನವರೆಗೆ ಒಂದೂ ಹಾಡನ್ನು ಊದಲಿಲ್ಲ. ಊದಿದ ಮೊದಲನೆಯದೂ ಹಾಡಲ್ಲ, ಭೂಪಾಲಿ ರಾಗದ ಐದು ಸ್ವರಗಳ ನಿಧಾನದ ಆಲಾಪ. ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವ ಮೀಂಡ್ ಎಳೆಯಲು ವಾಲ್ವನ್ನು ಅರ್ಧ ಒತ್ತಿ ತುಟಿಯನ್ನು ಬಾಗಿಸಬೇಕು. ತುಟಿ ಹಲ್ಲಿಗೂ ಲೋಹಕ್ಕೂ ನಡುವೆ ಸಿಕ್ಕಿಹಾಕಿಕೊಂಡಿದ್ದರೆ ಅದು ಬಾಗುವುದಿಲ್ಲ. ಇಷ್ಟು ವರ್ಷ ನನ್ನ ಮೀಂಡ್ ಏಕೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತಿತ್ತು ಎಂಬುದು ಆಗ ಅರ್ಥವಾಯಿತು.

ಆ ವರ್ಷದ ಗಣಪತಿಗೆ ನಾನು ಮೂರನೆಯ ಟ್ರಂಪೆಟ್ಟಾಗಿ, ಕೆಳಗಿನ ಸ್ವರಗಳನ್ನಷ್ಟೇ ಊದುತ್ತ ಹಿಂದಿನ ಸಾಲಿನಲ್ಲಿ ನಡೆದೆ. ಡಿಜೆ ಗಾಡಿಗಳ ನಡುವೆ ನಮ್ಮನ್ನು ಕರೆಯುವ ಮಂಡಳಿಗಳು ಈಗ ಕಡಿಮೆ. ಕರೆದವರೆದುರು ಚೆನ್ನಾಗಿ ನುಡಿಸಬೇಕೆಂಬ ಆಸೆ ಅದರಿಂದ ಹೆಚ್ಚೇ ಆಗಿದೆ.

ನವೆಂಬರಿನಲ್ಲಿ ಸದಾಶಿವಗಡದ ಕಡೆಯಿಂದ ಕರೆ ಬಂತು. ವಯಸ್ಸಾದ ತಾಯಿಯೊಬ್ಬರು ತೀರಿಕೊಂಡಿದ್ದರು, ಮನೆಯಿಂದ ಚರ್ಚಿಗೂ ಅಲ್ಲಿಂದ ಸಿಮಿತ್ರಿಗೂ, ಎಂದರೆ ಸ್ಮಶಾನಕ್ಕೂ, ಬ್ಯಾಂಡು ಬೇಕಿತ್ತು. ಮೊದಲ ಟ್ರಂಪೆಟ್ಟಿನ ಹುಡುಗ ಹುಬ್ಬಳ್ಳಿಗೆ ಹೋಗಿದ್ದರಿಂದ ಆ ಸ್ಥಾನದಲ್ಲಿ ನಾನೇ ನಿಲ್ಲಬೇಕಾಯಿತು. ಶವಯಾತ್ರೆಯ ಸಂಗೀತದಲ್ಲಿ ಅಡಗಿಕೊಳ್ಳಲು ಜಾಗವಿಲ್ಲ. ಡ್ರಮ್ಮಿಗೆ ಕರಿಬಟ್ಟೆ ಹೊದಿಸಿ ಮೆಲ್ಲಗೆ ಹೊಡೆಯುತ್ತಾರೆ, ಹೆಜ್ಜೆ ನಿಧಾನ, ಜನ ಮಾತಾಡುವುದಿಲ್ಲ. ಇಂಥ ಕಡೆ ಹಿಂದೆ ನಾನು ಗಟ್ಟಿಯಾಗಿ ಊದುತ್ತಿದ್ದೆ. ಮೆಲ್ಲಗೆ ಊದಿದರೆ ಸ್ವರ ಒಡೆಯುತ್ತದೆಂಬ ಭಯ. ಕುಳಿಯ ಪಕ್ಕದಲ್ಲಿ ಕೊಂಕಣಿ ಭಕ್ತಿಗೀತೆಯ ಕೊನೆಯ ಸಾಲನ್ನು ಒಂದೇ ಟ್ರಂಪೆಟ್ ನುಡಿಸಬೇಕು ಎಂದು ಮನೆಯವರು ಕೇಳಿಕೊಂಡರು. ಎಡಗೈಯನ್ನು ಸಡಿಲಬಿಟ್ಟು, ವಾದ್ಯವನ್ನು ಬೆರಳ ಮೇಲೆ ಕೂರಿಸಿದಂತೆ ಹಿಡಿದು, ಮಳೆಗಾಲದಲ್ಲಿ ಹಂಚಿನ ಕೆಳಗೆ ಊದಿದಷ್ಟೇ ಸಣ್ಣಗೆ ಊದಿದೆ. ಕೊನೆಯ ಸ್ವರವನ್ನು ಹದಿನಾರರವರೆಗೆ ಹಿಡಿದೆ. ತೀರಿಕೊಂಡವರ ಮಗಳು ಮಣ್ಣು ಹಾಕಲು ಬಗ್ಗಿದವಳು ಸ್ವರ ಮುಗಿಯುವವರೆಗೆ ಕೈಯಲ್ಲಿ ಮಣ್ಣು ಹಿಡಿದೇ ಕಾದಳು.

ಎಲ್ಲ ಮುಗಿದು, ಕೋಟಿನ ಗುಂಡಿ ಬಿಚ್ಚಿ, ಮೌತ್‌ಪೀಸನ್ನು ಒರೆಸಿ ಕಿಸೆಗೆ ಹಾಕಿಕೊಂಡು ಸ್ಕೂಟರಿನ ಬಳಿಗೆ ಬಂದೆ. ಕನ್ನಡಿಯನ್ನು ತಿರುಗಿಸಿ, ಮುಖವನ್ನು ಬೆಳಕಿನ ಕಡೆಗೆ ಹಿಡಿದು ತುಟಿ ನೋಡಿಕೊಂಡೆ. ಮೇಲ್ತುಟಿಯ ಮೇಲೆ ಅರ್ಧ ಉಂಗುರದಷ್ಟು ತೆಳು ಗುಲಾಬಿ ಗೆರೆ ಇತ್ತು. ಕಾಳಿ ಸೇತುವೆ ದಾಟಿ ಕೋಡಿಬಾಗಕ್ಕೆ ಬಂದು ಮತ್ತೆ ನೋಡುವಷ್ಟರಲ್ಲಿ ಅದೂ ಮಾಸಿತ್ತು.